ಡೊಮೈನ್ ಅವಧಿ ಮುಗಿದಿದೆಯೇ? ದುಡ್ಡು ಕಟ್ಟುವ ಮೊದಲು ತಾರೀಕು ನೋಡಿ

“ಸರ, ನಮ್ ವೆಬ್‌ಸೈಟ್ ತೆಗದ್ರ ಏನೇನೋ ಜಾಹೀರಾತು ಬರ್ಲಕತ್ತಾವ್ರಿ. ಈಮೇಲೂ ಬಂದ್ ಆಗ್ಯಾದ.”

ಕಲಬುರಗಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಯಾರನ್ನು ಕೇಳಿದರೂ ಇಂಥ ಫೋನ್ ಬಂದೇ ಬಂದಿರುತ್ತದೆ. ಆ ಕಡೆ ಇರುವವರು ಗಂಜಿನ ದಾಲ್ ಮಿಲ್‌ನವರಿರಬಹುದು, ಬೀದರಿನಲ್ಲಿ ಬಿದ್ರಿ ಸಾಮಾನು ಮಾರುವವರಿರಬಹುದು, ಯಾದಗಿರಿಯ ಯಾವುದೋ ಕಾಲೇಜಿನ ಆಫೀಸಿನವರಿರಬಹುದು. ಒಂದು ಕಾಲಕ್ಕೆ ವೆಬ್‌ಸೈಟ್ ಅಂದರೆ ವಿಸಿಟಿಂಗ್ ಕಾರ್ಡಿನ ಮೇಲಿನ ಒಂದು ಸಾಲು. ಇದ್ದರೂ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು. ಈಗ ಜಿಎಸ್‌ಟಿ ಖಾತೆಯ ಈಮೇಲ್, ಹೈದರಾಬಾದಿನ ವ್ಯಾಪಾರಿಯ ಆರ್ಡರ್, ಪ್ರವೇಶದ ಅರ್ಜಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲವೂ ಅದೇ ಹೆಸರಿಗೆ ಬರುತ್ತವೆ. ಆ ಹೆಸರು ನಿಂತರೆ ಅರ್ಧ ವ್ಯವಹಾರ ನಿಂತಂತೆಯೇ.

ಅವಧಿ ಮುಗಿದ ದಿನವೇ ಹೆಸರು ಕೈತಪ್ಪುವುದಿಲ್ಲ. ಬಹಳಷ್ಟು ಸಲ ಮರಳಿ ಸಿಗುತ್ತದೆ. ಎಷ್ಟು ಖರ್ಚಿಗೆ ಸಿಗುತ್ತದೆ, ಯಾರ ಕೈಗೆ ಸಿಗುತ್ತದೆ ಅನ್ನುವುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಅವಧಿ ಮುಗಿದು ಇಂದಿಗೆ ಎಷ್ಟು ದಿನವಾಯಿತು, ಮತ್ತು ಆ ಹೆಸರು ಯಾರ ಖಾತೆಯಲ್ಲಿದೆ. ಇವೆರಡನ್ನೂ ನೋಡದೆ ಗಾಬರಿಯಲ್ಲಿ ದುಡ್ಡು ಕಟ್ಟಲು ಹೋದವರೇ ಹೆಚ್ಚು ಕಳೆದುಕೊಳ್ಳುವುದು.

ಹೆಸರು ನಮ್ಮದಲ್ಲ, ಬಾಡಿಗೆಯದು

ಡೊಮೈನ್ ಅಂದರೆ ವೆಬ್‌ಸೈಟಿನ ಹೆಸರು. ಡಾಟ್ ಕಾಮ್, ಡಾಟ್ ಇನ್, ಡಾಟ್ ಆರ್ಗ್ ಎಂದು ಕೊನೆಯಾಗುವ ವಿಳಾಸ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಯಾಗುವ ವಿಳಾಸಗಳೂ ಇವೆ. “ನಾನು ಡೊಮೈನ್ ಖರೀದಿ ಮಾಡಿದೀನಿ” ಎಂದು ನಾವು ಹೇಳುತ್ತೇವೆ, ಆದರೆ ಈ ಹೆಸರುಗಳನ್ನು ಯಾರೂ ಕಾಯಮ್ಮಾಗಿ ಕೊಳ್ಳಲು ಬರುವುದಿಲ್ಲ. ಕಡಿಮೆ ಅಂದರೆ 1 ವರ್ಷಕ್ಕೆ, ಹೆಚ್ಚೆಂದರೆ 10 ವರ್ಷಕ್ಕೆ ನೋಂದಣಿ ಮಾಡಿಸಬಹುದು. ಆಮೇಲೆ ಮತ್ತೆ ಹಣ ಕಟ್ಟಿ ಮುಂದುವರಿಸಬೇಕು.

ಈ ವ್ಯವಸ್ಥೆಯಲ್ಲಿ ನಾಲ್ಕು ಮಂದಿ ಇರುತ್ತಾರೆ. ಎಲ್ಲರಿಗಿಂತ ಮೇಲೆ ಐಕ್ಯಾನ್ ಎಂಬ ಸಂಸ್ಥೆ. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇದು ಡಾಟ್ ಕಾಮ್‌ನಂಥ ಹೆಸರುಗಳಿಗೆ ನಿಯಮ ಮಾಡುತ್ತದೆ. ಅದರ ಕೆಳಗೆ ರಿಜಿಸ್ಟ್ರಿ: ಒಂದೊಂದು ಕೊನೆಯ ಪದಕ್ಕೂ ಒಂದೊಂದು ಮೂಲ ದಫ್ತರ ಇಟ್ಟುಕೊಂಡಿರುವವರು. ಡಾಟ್ ಕಾಮ್ ಮತ್ತು ಡಾಟ್ ನೆಟ್‌ನ ದಫ್ತರ ವೆರಿಸೈನ್ ಕಂಪನಿಯ ಕೈಯಲ್ಲಿದೆ. ಡಾಟ್ ಇನ್ ಮತ್ತು ಡಾಟ್ ಭಾರತ್‌ನದು ನಮ್ಮ ದೇಶದ ನಿಕ್ಸಿ ಸಂಸ್ಥೆಯ ಕೈಯಲ್ಲಿ. ಮೂರನೆಯವರು ರಿಜಿಸ್ಟ್ರಾರ್, ಅಂದರೆ ನಾವು ಹಣ ಕಟ್ಟುವ ಕಂಪನಿ. ನಾಲ್ಕನೆಯವರು ರೀಸೆಲ್ಲರ್. ರಿಜಿಸ್ಟ್ರಾರ್‌ನಿಂದ ತೆಗೆದುಕೊಂಡು ನಮಗೆ ಮಾರುವ ಸಣ್ಣ ಏಜೆಂಟರು ಇವರು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಎರಡನೇ ಮಹಡಿಯಲ್ಲಿ ಆಫೀಸು ಇಟ್ಟುಕೊಂಡು “ಡೊಮೈನ್, ಹೋಸ್ಟಿಂಗ್, ಎಸ್‌ಎಂಎಸ್ ಎಲ್ಲಾ ಸೇರಿ ಇಷ್ಟು” ಎಂದು ಪ್ಯಾಕೇಜ್ ಹೇಳುವವರು ಸಾಮಾನ್ಯವಾಗಿ ಇವರೇ.

ಗಿರಾಕಿಗೆ ಗೊತ್ತಿರುವುದು ಈ ನಾಲ್ಕನೆಯವರ ಫೋನ್ ನಂಬರ್ ಮಾತ್ರ. ಹೆಸರು ಉಳಿಸುವ ಅಧಿಕಾರ ಇರುವುದು ಮೂರನೆಯವರ ಬಳಿ. ಏಜೆಂಟ್ ಫೋನ್ ಎತ್ತದಿದ್ದರೆ ದಾರಿ ಮುಚ್ಚಿತು ಎಂದಲ್ಲ. ರಿಜಿಸ್ಟ್ರಾರ್ ಯಾರು ಎಂದು ಹುಡುಕಿ ನೇರವಾಗಿ ಅವರನ್ನೇ ಹಿಡಿಯಬಹುದು. ಐಕ್ಯಾನ್‌ನ ಲುಕಪ್ ಪುಟದಲ್ಲಿ ನಿಮ್ಮ ಡೊಮೈನ್ ಹೆಸರು ಹಾಕಿದರೆ ರಿಜಿಸ್ಟ್ರಾರ್‌ನ ಹೆಸರು ಬರುತ್ತದೆ. ಡಾಟ್ ಇನ್ ಆದರೆ ನಿಕ್ಸಿಯ ಹುಡುಕಾಟದ ಪುಟದಲ್ಲಿ ನೋಡಬಹುದು. ಎರಡಕ್ಕೂ ಹಣವಿಲ್ಲ.

ಸರ್ಕಾರಿ ಇಲಾಖೆಗಳ ಜಿಒವಿ ಡಾಟ್ ಇನ್, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಎಸಿ ಡಾಟ್ ಇನ್, ಇಡಿಯು ಡಾಟ್ ಇನ್ ವಿಳಾಸಗಳ ಕಥೆ ಬೇರೆ. ಮೊದಲನೆಯದನ್ನು ಕೇಂದ್ರ ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಎನ್‌ಐಸಿ ಕೊಡುತ್ತದೆ, ಉಳಿದವನ್ನು ಶಿಕ್ಷಣ ಸಂಸ್ಥೆಗಳ ಇಂಟರ್‌ನೆಟ್ ಜಾಲ ನೋಡುವ ಅರ್ನೆಟ್ ಇಂಡಿಯಾ. ಅರ್ಹತೆ ಇಲ್ಲದವರಿಗೆ ಅವು ಸಿಗುವುದೇ ಇಲ್ಲ, ಹಾಗಾಗಿ ಅವಧಿ ಮುಗಿದರೂ ಇನ್ನೊಬ್ಬ ಬಂದು ಹೆಸರು ಎತ್ತಿಕೊಂಡು ಹೋಗುವ ಭಯ ಅಷ್ಟಾಗಿಲ್ಲ. ಕಾಲೇಜು ನಡೆಸುವವರು ಡಾಟ್ ಕಾಮ್ ಬದಲು ಇದನ್ನೇ ತೆಗೆದುಕೊಳ್ಳುವುದು ಜಾಣತನ ಎಂದು ನನಗನ್ನಿಸುತ್ತದೆ.

ನಿಂತಿರುವುದು ಡೊಮೈನೋ, ಹೋಸ್ಟಿಂಗೋ?

ವೆಬ್‌ಸೈಟ್ ತೆರೆಯದಿರಲು ಡೊಮೈನ್ ಒಂದೇ ಕಾರಣವಲ್ಲ. ಹೋಸ್ಟಿಂಗ್ ಅಂದರೆ ನಿಮ್ಮ ಫೋಟೊ, ಬರಹ, ಈಮೇಲ್ ಇಟ್ಟಿರುವ ಸರ್ವರಿನ ಜಾಗ. ಅದರ ಬಿಲ್ ಬೇರೆ, ತಾರೀಕು ಬೇರೆ. ಅದರ ಜೊತೆಗೆ ಸುರಕ್ಷತೆಯ ಎಸ್‌ಎಸ್‌ಎಲ್ ಸರ್ಟಿಫಿಕೇಟ್, ಅದಕ್ಕೊಂದು ಅವಧಿ.

“ಈ ಸಂಪರ್ಕ ಸುರಕ್ಷಿತವಲ್ಲ” ಎಂದು ಬ್ರೌಸರ್ ಎಚ್ಚರಿಸಿದರೆ ಸರ್ಟಿಫಿಕೇಟ್ ಮುಗಿದಿರುವ ಸಾಧ್ಯತೆ ಹೆಚ್ಚು. “ಅಕೌಂಟ್ ಸಸ್ಪೆಂಡೆಡ್” ಎಂದು ಬಂದರೆ ಹೋಸ್ಟಿಂಗ್ ಬಾಕಿ. ವಿಳಾಸವೇ ಸಿಗಲಿಲ್ಲ ಎಂದು ಬಂದರೆ, ಅಥವಾ ರಿಜಿಸ್ಟ್ರಾರ್‌ನ ಜಾಹೀರಾತು ಪುಟ ತೆರೆದರೆ, ಆಗ ಡೊಮೈನ್ ಕಡೆ ನೋಡಬೇಕು. ಡೊಮೈನ್ ಮುಗಿದ ಮಾತ್ರಕ್ಕೆ ಸರ್ವರಿನಲ್ಲಿರುವ ಫೋಟೊ, ಬರಹ ಅಳಿಸಿಹೋಗುವುದಿಲ್ಲ. ದಾರಿ ತೋರಿಸುವ ಹೆಸರಷ್ಟೇ ಕಡಿದಿರುತ್ತದೆ.

ಅವಧಿ ಮುಗಿದ ಮೇಲೆ ದಿನದಿನಕ್ಕೆ ಏನಾಗುತ್ತದೆ

ಬ್ಯಾಂಕಿನಲ್ಲಿ ಬಂಗಾರ ಅಡ ಇಟ್ಟವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಗಡುವು ದಾಟಿದ ಮರುದಿನವೇ ಬ್ಯಾಂಕಿನವರು ಸರ ಮಾರುವುದಿಲ್ಲ. ಮೊದಲು ನೋಟಿಸು, ಆಮೇಲೆ ದಂಡದ ಬಡ್ಡಿ, ಕೊನೆಗೆ ಲಿಲಾವು. ತಡವಾದಷ್ಟೂ ಬಿಡಿಸಿಕೊಳ್ಳುವ ಖರ್ಚು ಏರುತ್ತದೆ. ಡೊಮೈನಿನದೂ ಇದೇ ನಡೆ. ವ್ಯತ್ಯಾಸ ಒಂದೇ: ಬಂಗಾರ ಲಿಲಾವಾದರೆ ಸಾಲ ತೀರಿ ಉಳಿದ ಹಣ ನಿಮಗೆ ಬರುತ್ತದೆ, ಡೊಮೈನ್ ಹೋದರೆ ನಿಯಮದ ಪ್ರಕಾರ ನಿಮಗೆ ಬರಬೇಕಾದದ್ದು ಏನೂ ಇರುವುದಿಲ್ಲ.

ಡಾಟ್ ಕಾಮ್ ಲೆಕ್ಕ ಹೇಳುತ್ತೇನೆ. ಮುಗಿದ ದಿನದಿಂದ ಮೊದಲ ಹಂತ ಗರಿಷ್ಠ 45 ದಿನ. ಇದನ್ನು ಗ್ರೇಸ್ ಪೀರಿಯಡ್ ಎನ್ನುತ್ತಾರೆ. ಈ ಹೊತ್ತಿನಲ್ಲಿ ಬಹುತೇಕ ರಿಜಿಸ್ಟ್ರಾರ್‌ಗಳು ಮಾಮೂಲಿ ನವೀಕರಣದ ದರಕ್ಕೇ, ಕೆಲವರು ಸ್ವಲ್ಪ ತಡ ಶುಲ್ಕ ಸೇರಿಸಿ, ಹೆಸರನ್ನು ವಾಪಸ್ ಕೊಡುತ್ತಾರೆ. ಖಾತೆಗೆ ಲಾಗಿನ್ ಆಗಿ ‘ರಿನ್ಯೂ’ ಒತ್ತಿ ಹಣ ಕಟ್ಟಿದರೆ ಮುಗಿಯಿತು. ಆದರೆ ಈ 45 ದಿನ ಗಿರಾಕಿಯ ಹಕ್ಕಲ್ಲ. ರಿಜಿಸ್ಟ್ರಿಯು ರಿಜಿಸ್ಟ್ರಾರ್‌ಗೆ ಕೊಟ್ಟ ಅವಕಾಶ ಅದು. ಅದರಲ್ಲಿ ನಿಮಗೆಷ್ಟು ದಿನ ಬಿಡಬೇಕು ಅನ್ನುವುದು ಆಯಾ ಕಂಪನಿಯ ಕರಾರಿನಲ್ಲಿರುತ್ತದೆ, ಒಬ್ಬೊಬ್ಬರದು ಒಂದೊಂದು.

ಹಣ ಬರದಿದ್ದರೆ ರಿಜಿಸ್ಟ್ರಾರ್ ಹೆಸರನ್ನು ಅಳಿಸುವಂತೆ ರಿಜಿಸ್ಟ್ರಿಗೆ ಹೇಳುತ್ತಾನೆ. ಆಗಲೂ ಅದು ತಕ್ಷಣ ಅಳಿಯುವುದಿಲ್ಲ. 30 ದಿನದ ರಿಡೆಂಪ್ಷನ್ ಪೀರಿಯಡ್ ಶುರುವಾಗುತ್ತದೆ. ಈ 30 ದಿನದಲ್ಲಿ ಅದನ್ನು ಬಿಡಿಸಿಕೊಳ್ಳಲು ಬರುವುದು ಹಳೆಯ ನೋಂದಣಿದಾರನಿಗೆ ಮಾತ್ರ, ಅದೂ ಹಳೆಯ ರಿಜಿಸ್ಟ್ರಾರ್ ಮೂಲಕವೇ. ಖರ್ಚು ಮಾತ್ರ ಒಮ್ಮೆಲೇ ಏರುತ್ತದೆ. ಡಾಟ್ ಕಾಮ್ ಹೆಸರೊಂದನ್ನು ಹೀಗೆ ಬಿಡಿಸಿಕೊಡಲು ವೆರಿಸೈನ್ ರಿಜಿಸ್ಟ್ರಾರ್‌ನಿಂದ 40 ಡಾಲರ್ ತೆಗೆದುಕೊಳ್ಳುತ್ತದೆ. ರಿಜಿಸ್ಟ್ರಾರ್ ಅದರ ಮೇಲೆ ತನ್ನ ಲಾಭ, ಒಂದು ವರ್ಷದ ನವೀಕರಣ, ಜಿಎಸ್‌ಟಿ ಎಲ್ಲ ಸೇರಿಸುತ್ತಾನೆ. ಮಾಮೂಲಿ ನವೀಕರಣದ ದರದಲ್ಲಿ ಮುಗಿಯಬೇಕಿದ್ದ ಕೆಲಸ ಹಲವು ಪಟ್ಟು ದುಬಾರಿಯಾಗುವುದು ಇಲ್ಲಿಯೇ. ಎಷ್ಟೋ ಕಂಪನಿಗಳಲ್ಲಿ ಈ ಹಂತಕ್ಕೆ ವೆಬ್‌ಸೈಟಿನಲ್ಲಿ ಬಟನ್ನೇ ಇರುವುದಿಲ್ಲ. ಸಪೋರ್ಟ್‌ಗೆ ಬರೆದು ಅಥವಾ ಫೋನ್ ಮಾಡಿ ‘ರಿಸ್ಟೋರ್’ ಮಾಡಿ ಎಂದು ಕೇಳಬೇಕು.

30 ದಿನವೂ ದಾಟಿದರೆ ಪೆಂಡಿಂಗ್ ಡಿಲೀಟ್, 5 ದಿನ. ಈ ಐದು ದಿನ ಯಾರೂ ಏನೂ ಮಾಡಲಾಗದು. ಹತ್ತು ಪಟ್ಟು ಹಣ ಕೊಡುತ್ತೇನೆ ಎಂದರೂ ನಡೆಯುವುದಿಲ್ಲ. ಆಮೇಲೆ ಹೆಸರು ದಫ್ತರದಿಂದ ಹೋಗುತ್ತದೆ, ಲೋಕದಲ್ಲಿ ಯಾರು ಮೊದಲು ಕೇಳುತ್ತಾರೋ ಅವರಿಗೆ ಸಿಗುತ್ತದೆ.

45, 30, 5 ಕೂಡಿಸಿದರೆ 80 ದಿನ. “ಎಂಬತ್ತು ದಿನ ಟೈಮ್ ಅದ ಬಿಡ್ರಿ” ಎಂದು ಕೆಲವರು ನಿರಾಳವಾಗಿ ಹೇಳುವುದು ಈ ಲೆಕ್ಕದಿಂದ. ಅಲ್ಲೇ ಪೆಟ್ಟು ಬೀಳುವುದು. ದೊಡ್ಡ ರಿಜಿಸ್ಟ್ರಾರ್‌ಗಳು ಗ್ರೇಸ್ ಪೀರಿಯಡ್ ನಡೆಯುತ್ತಿರುವಾಗಲೇ ಹೆಸರನ್ನು ಲಿಲಾವಿಗೆ ಇಡುತ್ತಾರೆ. ನೋಂದಣಿ ಮಾಡಿಸುವಾಗ ನಾವು ಓದದೆ ಒಪ್ಪಿದ ಕರಾರಿನಲ್ಲಿ ಅದಕ್ಕೆ ಅನುಮತಿ ಕೊಟ್ಟಿರುತ್ತೇವೆ. ಸವಾಲು ಹಿಡಿದವನ ಹೆಸರಿಗೆ ಡೊಮೈನ್ ನೇರವಾಗಿ ಬದಲಾಗುತ್ತದೆ. ಹೆಸರು ಅಳಿಸಲ್ಪಡದೆ ಕೈ ಬದಲಾದದ್ದರಿಂದ ರಿಡೆಂಪ್ಷನ್ನಿನ 30 ದಿನ ಬರುವುದೇ ಇಲ್ಲ. ಹಳೆಯದಾದ, ಜನ ಬಂದುಹೋಗುವ, ಚಿಕ್ಕ ಚಂದದ ಹೆಸರಿದ್ದಷ್ಟೂ ಈ ಅಪಾಯ ಜಾಸ್ತಿ. ಆದ್ದರಿಂದ ನಿಮ್ಮ ಮನಸ್ಸಿನಲ್ಲಿ ಇರಬೇಕಾದ ಸಂಖ್ಯೆ 80 ಅಲ್ಲ. ಒಂದು ತಿಂಗಳೊಳಗೆ ಕೆಲಸ ಮುಗಿಸಬೇಕು ಎಂದೇ ಹೊರಡಬೇಕು.

ಡಾಟ್ ಇನ್‌ಗೂ ಹಂತಗಳು ಇಂಥವೇ. ನಿಯಮ ಮಾಡುವವರು ಮಾತ್ರ ನಿಕ್ಸಿ, ಐಕ್ಯಾನ್ ಅಲ್ಲ.

ದಾಖಲೆಯಲ್ಲಿ ಮುಂದಿನ ವರ್ಷದ ತಾರೀಕು ಕಂಡರೆ ನಂಬಬೇಡಿ

ಇದು ಬಹಳ ಜನರನ್ನು ದಾರಿ ತಪ್ಪಿಸುವ ಸಂಗತಿ. ಡೊಮೈನ್ ಮುಗಿದು ವಾರವಾಗಿದೆ, ಸೈಟ್ ಬಂದ್ ಆಗಿದೆ. ಲುಕಪ್‌ನಲ್ಲಿ ನೋಡಿದರೆ ಅವಧಿ ಮುಂದಿನ ವರ್ಷದ ತನಕ ಇದೆ ಎಂದು ತೋರಿಸುತ್ತದೆ! “ನೋಡ್ರಿ, ಇನ್ನೂ ಒಂದ್ ವರ್ಷ ಅದ, ಸರ್ವರ್‌ದೇ ಏನೋ ಪ್ರಾಬ್ಲಮ್” ಎಂದು ಸುಮ್ಮನಾಗುತ್ತಾರೆ.

ಆಗುವುದು ಇಷ್ಟು. ಅವಧಿ ಮುಗಿದ ಕ್ಷಣಕ್ಕೆ ವೆರಿಸೈನ್ ತನ್ನ ದಫ್ತರದಲ್ಲಿ ಆ ಹೆಸರನ್ನು ತಾನಾಗಿಯೇ ಒಂದು ವರ್ಷ ಮುಂದೂಡಿ, ರಿಜಿಸ್ಟ್ರಾರ್‌ನ ಲೆಕ್ಕಕ್ಕೆ ಹಣ ಬರೆದುಕೊಳ್ಳುತ್ತದೆ. 45 ದಿನದೊಳಗೆ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದರೆ ಆ ಹಣ ಅವನಿಗೆ ವಾಪಸ್. ಅಂದರೆ ಮುಂದೆ ಹೋಗಿರುವುದು ರಿಜಿಸ್ಟ್ರಿ ಮತ್ತು ರಿಜಿಸ್ಟ್ರಾರ್ ನಡುವಿನ ಲೆಕ್ಕ. ನೀವು ಮತ್ತು ರಿಜಿಸ್ಟ್ರಾರ್ ನಡುವಿನ ಅವಧಿ ಮುಗಿದೇ ಇರುತ್ತದೆ. ನಿಜವಾದ ತಾರೀಕು ಕಾಣುವುದು ರಿಜಿಸ್ಟ್ರಾರ್‌ನ ದಾಖಲೆಯಲ್ಲಿ, ನಿಮ್ಮ ಖಾತೆಯೊಳಗೆ.

ತಾರೀಕಿಗಿಂತ ‘ಸ್ಟೇಟಸ್’ ಎಂಬ ಸಾಲು ಹೆಚ್ಚು ಸತ್ಯ ಹೇಳುತ್ತದೆ. ಅಲ್ಲಿ ‘ಆಟೋ ರಿನ್ಯೂ ಪೀರಿಯಡ್’ ಎಂದಿದ್ದರೆ ನೀವಿನ್ನೂ ಮೊದಲ ಹಂತದಲ್ಲಿದ್ದೀರಿ. ‘ರಿಡೆಂಪ್ಷನ್ ಪೀರಿಯಡ್’ ಎಂದಿದ್ದರೆ ಇವತ್ತೇ ಫೋನ್ ಮಾಡಬೇಕು. ‘ಪೆಂಡಿಂಗ್ ಡಿಲೀಟ್’ ಎಂದು ಮಾತ್ರ ಇದ್ದರೆ ಬಿಡಿಸಿಕೊಳ್ಳುವ ಮಾತು ಬಿಟ್ಟು, ಅದು ಬಿಡುಗಡೆಯಾದಾಗ ಮತ್ತೆ ಹಿಡಿಯುವ ಯೋಚನೆ ಮಾಡಬೇಕು. ‘ಕ್ಲೈಂಟ್ ಹೋಲ್ಡ್’ ಎಂದರೆ ರಿಜಿಸ್ಟ್ರಾರ್ ಹೆಸರನ್ನು ತಡೆಹಿಡಿದಿದ್ದಾನೆ. ಕಾರಣ ಬಾಕಿ ಹಣವಿರಬಹುದು, ಈಮೇಲ್ ದೃಢೀಕರಣ ಮಾಡದಿರುವುದೂ ಇರಬಹುದು.

ನೋಟಿಸು ಬರಲೇ ಇಲ್ಲವಲ್ಲ?

ಬಂದಿರುತ್ತದೆ. 2013ರ ಆಗಸ್ಟ್ 31ರಿಂದ ಜಾರಿಯಲ್ಲಿರುವ ಐಕ್ಯಾನ್ ನಿಯಮದ ಪ್ರಕಾರ, ಡಾಟ್ ಕಾಮ್‌ನಂಥ ಹೆಸರುಗಳಿಗೆ ರಿಜಿಸ್ಟ್ರಾರ್ ಅವಧಿಗೆ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಸುಮಾರು ಒಂದು ವಾರ ಮೊದಲು ಇನ್ನೊಮ್ಮೆ, ಮುಗಿದು 5 ದಿನದೊಳಗೆ ಮತ್ತೊಮ್ಮೆ ತಿಳಿಸಲೇಬೇಕು. ಅಷ್ಟೇ ಅಲ್ಲ, ಮುಗಿದ ಮೇಲೆ ಹೆಸರು ಅಳಿಸುವ ಮುನ್ನ ಕೊನೆಯ 8 ದಿನವಾದರೂ ವೆಬ್‌ಸೈಟ್ ಎಂದಿನಂತೆ ತೆರೆಯದಂತೆ ಮಾಡಬೇಕು. ಸೈಟ್ ಬಂದ್ ಆಗುವುದೇ ಒಂದು ನೋಟಿಸು. ಈಮೇಲ್ ನೋಡದವನೂ ಗಿರಾಕಿ ಬೈದಾಗ ಎಚ್ಚೆತ್ತುಕೊಳ್ಳಲಿ ಎಂಬುದು ಅದರ ಉದ್ದೇಶ.

ನೋಟಿಸು ಎಲ್ಲಿಗೆ ಹೋಯಿತು ಅನ್ನುವುದೇ ಪ್ರಶ್ನೆ. ಮಿಲ್ಲಿನ ಬಿಲ್ ಬುಕ್ಕಿನ ಮೇಲೆ ಅಚ್ಚಾಗಿರುವ ‘ಇನ್ಫೋ’ ಎಂದು ಶುರುವಾಗುವ ಈಮೇಲನ್ನೇ ನೋಂದಣಿಗೂ ಕೊಟ್ಟಿದ್ದರೆ, ಡೊಮೈನ್ ನಿಂತ ದಿನ ಆ ಈಮೇಲೂ ನಿಂತಿತು. ಮುಗಿದ ಮೇಲಿನ ಮೂರನೆಯ ನೋಟಿಸಾಗಲಿ, ಪಾಸ್‌ವರ್ಡ್ ಬದಲಿಸುವ ಓಟಿಪಿಯಾಗಲಿ ಆಗ ಯಾರಿಗೂ ಮುಟ್ಟುವುದಿಲ್ಲ.

‘ಆಟೋ ರಿನ್ಯೂ’ ಆನ್ ಮಾಡಿ ನೆಮ್ಮದಿಯಾಗಿದ್ದವರೂ ಸಿಕ್ಕಿಬೀಳುತ್ತಾರೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಬದಲಾಗಿ, ಕಾರ್ಡಿನಿಂದ ತಾನಾಗಿ ಹಣ ಕಡಿಯಬೇಕಾದರೆ ಗ್ರಾಹಕ ಮೊದಲೇ ಇ-ಮ್ಯಾಂಡೇಟ್, ಅಂದರೆ ಆನ್‌ಲೈನ್ ಒಪ್ಪಿಗೆ, ಕೊಟ್ಟಿರಬೇಕು. ಹಳೆಯ ಕಾಲದಲ್ಲಿ ಕಾರ್ಡ್ ನಂಬರ್ ಉಳಿಸಿಟ್ಟಿದ್ದ ಎಷ್ಟೋ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ಆ ಪಾವತಿ ಈಗ ವಿಫಲವಾಗುತ್ತದೆ. ಪರದೆಯ ಮೇಲೆ ಆಟೋ ರಿನ್ಯೂ ಹಸಿರಾಗಿಯೇ ಇರುತ್ತದೆ, ಹಣ ಮಾತ್ರ ಹೋಗುವುದಿಲ್ಲ. ಕಾರ್ಡೇ ಬದಲಾಗಿದ್ದರಂತೂ ಕೇಳುವುದೇ ಬೇಡ.

ಖಾತೆ ಬೇರೆಯವರ ಹೆಸರಿನಲ್ಲಿದ್ದರೆ

ನಮ್ಮ ಕಡೆ ಡೊಮೈನ್ ಕಳೆದುಹೋಗಲು ದುಡ್ಡಿಲ್ಲದ್ದು ಕಾರಣವಾಗುವುದು ಅಪರೂಪ. ಖಾತೆ ಯಾರದು ಎಂಬ ಗೊಂದಲವೇ ಮುಖ್ಯ ಕಾರಣ ಎನ್ನುವುದು ನನ್ನ ತಿಳುವಳಿಕೆ.

ಬೀದರಿನ ಒಂದು ಬಿದ್ರಿ ಅಂಗಡಿ ಎಂದಿಟ್ಟುಕೊಳ್ಳಿ. ಸತುವು ತಾಮ್ರದ ಎರಕ, ಅದರ ಮೇಲೆ ಬೆಳ್ಳಿ ತಂತಿಯ ಕೆತ್ತನೆ, ಕೋಟೆಯ ಮಣ್ಣಿನಿಂದ ಬರುವ ಕಪ್ಪು. ಕೆಲಸವೆಲ್ಲ ಅಪ್ಪ ಮಕ್ಕಳ ಕೈಯದು. ವೆಬ್‌ಸೈಟ್ ಮಾತ್ರ ಅಕ್ಕನ ಮಗ ಇಂಜಿನಿಯರಿಂಗ್ ಓದುವಾಗ ಮಾಡಿಕೊಟ್ಟದ್ದು. ನೋಂದಣಿಗೆ ಅವನ ಕಾಲೇಜಿನ ಈಮೇಲ್, ಅವನ ಆಗಿನ ಮೊಬೈಲ್ ನಂಬರ್, ಅವನ ಹೆಸರು. ಈಗ ಅವನು ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಕಾಲೇಜು ಆ ಈಮೇಲ್ ಬಂದ್ ಮಾಡಿದೆ. ಆ ನಂಬರ್ ಇನ್ಯಾರದೋ. ಅಂಗಡಿಯ ಹೆಸರು, ಅಂಗಡಿಯ ದುಡ್ಡು, ಆದರೆ ದಫ್ತರದಲ್ಲಿ ನೋಂದಣಿದಾರ ಸೋದರಳಿಯ. ಬಿಡಿಸಿಕೊಳ್ಳುವ ಹಕ್ಕು ಇರುವುದು ಅವನಿಗೇ.

ಇಂಥಲ್ಲಿ ಮೊದಲು ಮಾಡಬೇಕಾದದ್ದು ಅಳಿಯನಿಗೆ ಫೋನ್. ಮಾಮಾ ಫೋನ್ ಮಾಡಿದರೆ ಅವನು ಹತ್ತು ನಿಮಿಷ ಬಿಡುವು ಮಾಡಿಕೊಳ್ಳದೆ ಇರುವುದಿಲ್ಲ. ಅವನು ತನ್ನ ಗುರುತಿನ ಚೀಟಿಯ ಪ್ರತಿ, ಹಿಂದೆ ಹಣ ಕಟ್ಟಿದ ರಸೀದಿ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲು, ಡೊಮೈನ್ ಹೆಸರು ಇಷ್ಟನ್ನು ರಿಜಿಸ್ಟ್ರಾರ್‌ನ ಸಪೋರ್ಟ್‌ಗೆ ಕಳಿಸಿ ಖಾತೆಯ ಈಮೇಲ್ ಬದಲಿಸಲು ಕೇಳಬೇಕು. ನೋಂದಣಿಯಲ್ಲಿ ಸಂಸ್ಥೆಯ ಹೆಸರೂ ಇದ್ದರೆ ಅಂಗಡಿಯ ಜಿಎಸ್‌ಟಿ ಸರ್ಟಿಫಿಕೇಟ್ ಅಥವಾ ಟ್ರೇಡ್ ಲೈಸೆನ್ಸ್, ಲೆಟರ್‌ಹೆಡ್ಡಿನ ಮೇಲೆ ಸಹಿ ಮಾಡಿದ ಪತ್ರ ಕೆಲಸಕ್ಕೆ ಬರುತ್ತವೆ. ಇದಕ್ಕೆ ಒಂದೆರಡು ದಿನ ಹಿಡಿಯುವುದು ಸಾಮಾನ್ಯ, ಆ ದಿನಗಳೂ ಮೇಲಿನ ಲೆಕ್ಕದಲ್ಲೇ ಕಳೆಯುತ್ತವೆ. ಹಾಗಾಗಿ ದೂರಿನ ಮೊದಲ ಸಾಲಿನಲ್ಲೇ ಹೆಸರು ಇಂಥ ದಿನ ಮುಗಿದಿದೆ, ಖಾತೆ ಕೈಗೆ ಬರುವ ತನಕ ಲಿಲಾವಿಗೆ ಇಡಬೇಡಿ ಎಂದು ಬರೆಯುವುದು ಒಳ್ಳೆಯದು. ಅವರು ಒಪ್ಪಲೇಬೇಕೆಂದಿಲ್ಲ, ಆದರೆ ಕೇಳಿದವರಿಗೆ ಸಿಕ್ಕದ್ದುಂಟು.

ಏಜೆಂಟ್ ತನ್ನದೇ ಹೆಸರಿನಲ್ಲಿ ನೋಂದಣಿ ಮಾಡಿಸಿಕೊಂಡು “ಬಾಕಿ ಕೊಟ್ರ ಮಾತ್ರ ಕೊಡ್ತೀನಿ” ಎಂದು ಕೂತರೆ ದಾರಿ ಕಷ್ಟದ್ದು. ರಿಜಿಸ್ಟ್ರಾರ್ ಇಂಥ ಜಗಳದಲ್ಲಿ ಪಂಚಾಯ್ತಿ ಮಾಡುವುದಿಲ್ಲ. ದಫ್ತರದಲ್ಲಿ ಯಾರ ಹೆಸರಿದೆಯೋ ಅವರ ಮಾತು ಕೇಳುತ್ತಾನೆ. ಕೊಟ್ಟ ಬಿಲ್ಲುಗಳನ್ನು ಹುಡುಕಿ ತೆಗೆದು ಮಾತಾಡುವುದು, ಆಗದಿದ್ದರೆ ವಕೀಲರ ನೋಟಿಸು, ಇವೇ ಉಳಿದ ದಾರಿ.

ನೀವಲ್ಲದೆ ಬೇರೆ ಯಾರಾದರೂ ಹಣ ಕಟ್ಟಿದರೆ? 1999ರ ಕ್ರಿಸ್ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯೇ ಪಾಸ್‌ಪೋರ್ಟ್ ಡಾಟ್ ಕಾಮ್ ಎಂಬ ತನ್ನ ಡೊಮೈನ್ ನವೀಕರಿಸಲು ಮರೆತಿತ್ತು. ಹಾಟ್‌ಮೇಲ್‌ಗೆ ಲಾಗಿನ್ ಆಗಲು ಆ ಹೆಸರು ಬೇಕಿತ್ತು. ಜನ ತಮ್ಮ ಈಮೇಲ್ ತೆರೆಯಲಾಗದೆ ಕೂತರು. ಮೈಕೆಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರ್ ಕಾರಣ ಪತ್ತೆಹಚ್ಚಿ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿಬಿಟ್ಟ. ಸೇವೆ ಮತ್ತೆ ಶುರುವಾಯಿತು, ಡೊಮೈನ್ ಮಾತ್ರ ಮೈಕ್ರೋಸಾಫ್ಟಿನದಾಗಿಯೇ ಉಳಿಯಿತು. ಅವಧಿ ಮುಂದೂಡಲು ಹಣ ಕಟ್ಟಿದವನು ಹೆಸರಿನ ಒಡೆಯನಾಗುವುದಿಲ್ಲ. ಅಳಿಯನ ಖಾತೆಯ ಬಿಲ್ಲನ್ನು ಮಾಮಾ ಎಷ್ಟು ವರ್ಷ ಕಟ್ಟಿದರೂ ಇದೇ ಮಾತು.

ಹೆಸರು ಇನ್ನೊಬ್ಬರ ಪಾಲಾದ ಮೇಲೆ

ಬಿಡುಗಡೆಯಾಗುವ ಹೆಸರನ್ನು ಹಿಡಿಯಲು ಕಾದು ಕೂತ ಕಂಪನಿಗಳಿವೆ. ಹೆಸರು ದಫ್ತರದಿಂದ ಬಿದ್ದ ಸೆಕೆಂಡಿನಲ್ಲೇ ಅವರ ಸಾಫ್ಟ್‌ವೇರ್ ಕೋರಿಕೆ ಸಲ್ಲಿಸಿರುತ್ತದೆ. ಮನುಷ್ಯ ಕೈಯಿಂದ ಟೈಪ್ ಮಾಡಿ ಅವರನ್ನು ಗೆಲ್ಲಲಾರ. ಅದಕ್ಕೆ ನೀವೂ ಅಂಥವರಲ್ಲೇ ‘ಬ್ಯಾಕ್ ಆರ್ಡರ್’ ಹಾಕಬಹುದು: ಈ ಹೆಸರು ಬಿದ್ದರೆ ನನಗಾಗಿ ಹಿಡಿ ಎಂದು ಮೊದಲೇ ಹೇಳಿಡುವುದು. ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಇಬ್ಬರು ಹಾಕಿದ್ದರೆ ಅವರ ನಡುವೆ ಲಿಲಾವಾಗುತ್ತದೆ.

ಆಗಲೇ ಹೋಗಿದ್ದರೆ ಹೊಸಬರಿಂದ ಕೊಳ್ಳಬಹುದು. ನೇರವಾಗಿ ಫೋನ್ ಮಾಡಿ “ಅದು ನಮ್ಮ ಅಂಗಡಿ ಹೆಸರು, ಹ್ಯಾಂಗಾರ ಮಾಡಿ ಕೊಡ್ರಿ” ಎಂದು ಗೋಗರೆದರೆ ಬೆಲೆ ಅಲ್ಲೇ ಏರುತ್ತದೆ. ಹಣವನ್ನು ಎಸ್ಕ್ರೋ ಮೂಲಕ, ಅಂದರೆ ಹೆಸರು ಕೈಗೆ ಬರುವ ತನಕ ಮೂರನೆಯವರ ಬಳಿ ಇಟ್ಟು ಕೊಡುವುದು ಸುರಕ್ಷಿತ.

ಕಾನೂನಿನ ದಾರಿ ಇದೆ, ಎಲ್ಲರಿಗೂ ಅಲ್ಲ. ಡಾಟ್ ಕಾಮ್‌ಗೆ 1999ರಿಂದ ಯುಡಿಆರ್‌ಪಿ ಎಂಬ ವ್ಯಾಜ್ಯ ವ್ಯವಸ್ಥೆ ಇದೆ, ಡಾಟ್ ಇನ್‌ಗೆ ನಿಕ್ಸಿಯ ಐಎನ್‌ಡಿಆರ್‌ಪಿ. ಡಾಟ್ ಕಾಮ್ ವ್ಯಾಜ್ಯದಲ್ಲಿ ಮೂರು ಮಾತು ಸಾಬೀತು ಮಾಡಬೇಕು: ಆ ಹೆಸರು ನಿಮ್ಮ ಟ್ರೇಡ್‌ಮಾರ್ಕಿನಂತೆಯೇ ಇದೆ, ಹಿಡಿದವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಮತ್ತು ಅವನು ದುರುದ್ದೇಶದಿಂದಲೇ ಪಡೆದು ಬಳಸುತ್ತಿದ್ದಾನೆ. ‘ನಾನು ನವೀಕರಿಸಲು ಮರೆತೆ’ ಅನ್ನುವುದು ಅಲ್ಲಿ ವಾದವಲ್ಲ. ಜಿನೀವಾದ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರನ ಮುಂದೆ ಐದು ಹೆಸರುಗಳ ತನಕದ ದೂರಿಗೆ ಶುಲ್ಕವೇ 1,500 ಡಾಲರ್. ಸಣ್ಣ ಅಂಗಡಿಗೆ ಹೊಸ ಹೆಸರು ತೆಗೆದುಕೊಳ್ಳುವುದೇ ಸೋವಿ.

ನಮ್ಮ ಕೋರ್ಟುಗಳೂ ಡೊಮೈನನ್ನು ಬರೀ ವಿಳಾಸ ಎಂದು ನೋಡುವುದಿಲ್ಲ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸಲ್ಯೂಷನ್ಸ್ ನಡುವಿನ ಜಗಳ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ, ಕರ್ನಾಟಕ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2004ರಲ್ಲಿ ಬಂದ ತೀರ್ಪು ಡೊಮೈನ್ ಹೆಸರಿಗೂ ವ್ಯಾಪಾರದ ಹೆಸರಿಗಿರುವಂಥ ರಕ್ಷಣೆ ಇದೆ ಎಂದಿತು. ಆದರೆ ಆ ಹೆಸರಿನಲ್ಲಿ ನಿಮಗೆ ಗಿರಾಕಿಗಳ ನಡುವೆ ಖ್ಯಾತಿ ಇದೆ ಎಂದು ತೋರಿಸಬೇಕು. ಹಳೆಯ ಬಿಲ್ಲು, ಜಾಹೀರಾತು, ಪ್ಯಾಕೆಟ್ಟು ಎಸೆಯದೆ ಇಟ್ಟವರಿಗೆ ಇಲ್ಲಿ ಅನುಕೂಲ.

ಅವಧಿ ಮುಗಿದ ದಿನಾಂಕ ಯಾರು ಬೇಕಾದರೂ ನೋಡಬಹುದಾದ ಮಾಹಿತಿ. ಅದನ್ನು ನೋಡಿಕೊಂಡೇ “ನಿಮ್ಮ ಡೊಮೈನ್ ಬಿಡಿಸಿಕೊಡುತ್ತೇವೆ, ಈ ಲಿಂಕಿಗೆ ಹಣ ಹಾಕಿ” ಎಂಬ ಮೆಸೇಜುಗಳು ಬರುತ್ತವೆ. ಲುಕಪ್‌ನಲ್ಲಿ ಕಂಡ ರಿಜಿಸ್ಟ್ರಾರ್‌ಗೆ ಬಿಟ್ಟು, ಅದೂ ಅವರ ಸೈಟಿಗೆ ನೀವೇ ಹೋಗಿ ಲಾಗಿನ್ ಆಗುವುದು ಬಿಟ್ಟು, ಬೇರೆಲ್ಲೂ ಹಣ ಕಟ್ಟಬಾರದು. ಕಟ್ಟಿಯಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಗುಲಬರ್ಗಾ ಎಂಬ ಕಾಗುಣಿತದ ಹಳೆಯ ವಿಳಾಸಗಳು

2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಊರಿನ ಹೆಸರನ್ನು ತಮ್ಮ ಡೊಮೈನಿನಲ್ಲಿ ಇಟ್ಟುಕೊಂಡವರಿಗೆ ಆಗ ಹೊಸ ಕಾಗುಣಿತದ ವಿಳಾಸ ತೆಗೆದುಕೊಳ್ಳುವ ಯೋಚನೆ ಬರುವುದು ಸಹಜ. ಹೊಸದು ಬಂದಿತಲ್ಲ, ಹಳೆಯದಕ್ಕೆ ಯಾಕೆ ದುಡ್ಡು ಎಂದು ಅದನ್ನು ಬಿಟ್ಟುಬಿಡುವುದೂ ಸಹಜ.

ಬಿಟ್ಟ ಹೆಸರನ್ನು ಯಾರು ಬೇಕಾದರೂ ನೋಂದಣಿ ಮಾಡಿಸಬಹುದು, ಅದರ ಮೇಲೆ ಈಮೇಲ್ ಖಾತೆಗಳನ್ನೂ ತೆರೆಯಬಹುದು. ಹಳೆಯ ಗಿರಾಕಿ ಹಳೆಯ ವಿಳಾಸಕ್ಕೆ ಕಳಿಸಿದ ಆರ್ಡರ್, ಆಡಿಟರ್ ಕಳಿಸಿದ ಲೆಕ್ಕಪತ್ರ ಹೊಸಬನ ಪೆಟ್ಟಿಗೆಗೆ ಬೀಳುತ್ತದೆ. ಇದಕ್ಕಿಂತ ಕೆಟ್ಟದ್ದು: ಫೇಸ್‌ಬುಕ್ ಪುಟ, ಜಿಎಸ್‌ಟಿ ಪೋರ್ಟಲ್, ಆನ್‌ಲೈನ್ ಅಂಗಡಿಯ ಖಾತೆ ಯಾವುದಾದರೂ ಆ ಹಳೆಯ ಈಮೇಲಿಗೆ ಜೋಡಣೆಯಾಗಿ ಉಳಿದಿದ್ದರೆ, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ ಹೊಸ ಪಾಸ್‌ವರ್ಡ್ ತರಿಸಿಕೊಳ್ಳಲು ಅವನಿಗೆ ಕಷ್ಟವಿಲ್ಲ.

ಬ್ಯಾಂಕುಗಳ ವಿಷಯದಲ್ಲೂ ಇಂಥ ಬದಲಾವಣೆ ಈಚೆಗೆ ಆಗಿದೆ. ಮೋಸದ ಸೈಟುಗಳನ್ನು ತಡೆಯಲು ಬ್ಯಾಂಕುಗಳು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ವಿಳಾಸ ಬದಲಿಸಿದವರು ಯಾರೇ ಆಗಲಿ, ಹಳೆಯ ಹೆಸರನ್ನು ಕೆಲವು ವರ್ಷವಾದರೂ ನವೀಕರಿಸುತ್ತ, ಅಲ್ಲಿಗೆ ಬಂದವರನ್ನು ಹೊಸದಕ್ಕೆ ಕಳಿಸುತ್ತಿರಬೇಕು. ಹಳೆಯ ಹೆಸರಿಗೆ ಕಟ್ಟುವ ಆ ಸಣ್ಣ ಮೊತ್ತವನ್ನು ದಂಡ ಎಂದು ತಿಳಿಯುವವರಿಗೆ ನನ್ನ ಒಪ್ಪಿಗೆಯಿಲ್ಲ.

ಮರಳಿ ಬಂದ ಮೇಲೆ

ಹಣ ಕಟ್ಟಿ ರಸೀದಿ ಬಂದರೂ ಸೈಟ್ ತಕ್ಷಣ ತೆರೆಯದಿರಬಹುದು. ಯಾವ ಹೆಸರಿಗೆ ಯಾವ ಸರ್ವರ್ ಎಂಬ ಮಾಹಿತಿಯನ್ನು ಇಂಟರ್‌ನೆಟ್ ಕಂಪನಿಗಳು ತಮ್ಮಲ್ಲಿ ಸ್ವಲ್ಪ ಹೊತ್ತು ಉಳಿಸಿಕೊಂಡಿರುತ್ತವೆ. ಡಾಟ್ ಕಾಮ್‌ನಲ್ಲಿ ಈ ಉಳಿಕೆಯ ಮಿತಿ 48 ಗಂಟೆ. ಅದಕ್ಕೇ ನಿಮ್ಮ ಮೊಬೈಲಿನಲ್ಲಿ ತೆರೆದ ಸೈಟ್ ಶಹಾಪುರದ ಗಿರಾಕಿಯ ಮೊಬೈಲಿನಲ್ಲಿ ಇನ್ನೂ ಜಾಹೀರಾತೇ ತೋರಿಸುತ್ತಿರಬಹುದು. ಎರಡು ದಿನ ದಾಟಿದರೂ ಹಾಗೆಯೇ ಇದ್ದರೆ ಖಾತೆಯಲ್ಲಿ ‘ನೇಮ್ ಸರ್ವರ್’ ಎಂಬಲ್ಲಿ ನೋಡಿ. ಅವಧಿ ಮುಗಿದಾಗ ರಿಜಿಸ್ಟ್ರಾರ್ ಅಲ್ಲಿ ತನ್ನ ವಿಳಾಸ ಹಾಕಿರುತ್ತಾನೆ. ನವೀಕರಿಸಿದ ಮೇಲೂ ಅದು ಹಳೆಯದಕ್ಕೆ ಮರಳದೆ ಉಳಿದಿರುವುದುಂಟು. ಹೋಸ್ಟಿಂಗ್‌ನವರು ಕೊಟ್ಟ ನೇಮ್ ಸರ್ವರ್ ಹೆಸರುಗಳನ್ನು ಕೈಯಿಂದ ತುಂಬಬೇಕು.

ಹೋಸ್ಟಿಂಗೂ ಮುಗಿದು ಸರ್ವರಿನಲ್ಲಿದ್ದದ್ದೆಲ್ಲ ಅಳಿಸಿಹೋಗಿದ್ದರೆ, ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಹಳೆಯ ಪುಟಗಳ ಬರಹ, ಕೆಲವು ಫೋಟೊ ಸಿಗಬಹುದು.

ಈಮೇಲ್ ವಿಷಯ ಬೇರೆ. ಡೊಮೈನ್ ನಿಂತ ದಿನಗಳಲ್ಲಿ ಬಂದ ಪತ್ರಗಳು ಎಲ್ಲೋ ಕಾದು ಕೂತು ಆಮೇಲೆ ಒಟ್ಟಿಗೆ ಬಂದು ಬೀಳುತ್ತವೆ ಎಂದು ಅನೇಕರು ಎಣಿಸುತ್ತಾರೆ. ಹೆಸರೇ ಸಿಗದಿದ್ದಾಗ ಕಳಿಸಿದವರ ಸರ್ವರ್ ಪತ್ರವನ್ನು ಅವರಿಗೇ ತಿರುಗಿಸಿಬಿಡುತ್ತದೆ. ಆ ದಿನಗಳಲ್ಲಿ ನಿಮಗೆ ಬರೆದಿರಬಹುದಾದ ವ್ಯಾಪಾರಿಗಳು, ಆಡಿಟರ್, ಬ್ಯಾಂಕು, ಎಲ್ಲರಿಗೂ ನೀವೇ ಫೋನ್ ಮಾಡಿ ಮತ್ತೊಮ್ಮೆ ಕಳಿಸಿ ಎಂದು ಕೇಳಬೇಕಾಗುತ್ತದೆ.